ಬೆಳಕು ಆಯುಧವಾದಾಗ: ಕಣ್ಣಿನ ಕಾವಲಿಗೆ ಬಂದ ನಾಲ್ಕು ವಿಧಿಗಳು

1995ರ ಅಕ್ಟೋಬರ್ 13ರಂದು ವಿಯೆನ್ನಾದಲ್ಲಿ ಸೇರಿದ್ದ ಹಲವು ರಾಷ್ಟ್ರಗಳ ಪ್ರತಿನಿಧಿಗಳು ನಾಲ್ಕೇ ವಿಧಿಗಳ ಒಂದು ಪುಟ್ಟ ಒಪ್ಪಂದವನ್ನು ಅಂಗೀಕರಿಸಿದರು. ಮಿತಿಮೀರಿ ಗಾಯಗೊಳಿಸುವ ಸಾಂಪ್ರದಾಯಿಕ ಶಸ್ತ್ರಾಸ್ತ್ರಗಳನ್ನು ನಿಯಂತ್ರಿಸಲೆಂದು 1980ರಲ್ಲಿ ರೂಪುಗೊಂಡಿದ್ದ ಒಡಂಬಡಿಕೆಗೆ ಇದು ನಾಲ್ಕನೆಯ ಪ್ರೋಟೋಕಾಲ್. ಮನುಷ್ಯನ ಕಣ್ಣನ್ನು ಶಾಶ್ವತವಾಗಿ ಕುರುಡಾಗಿಸಲೆಂದೇ ರೂಪಿಸಿದ ಲೇಸರ್ ಆಯುಧಗಳನ್ನು ಯುದ್ಧದಲ್ಲಿ ಬಳಸಕೂಡದು, ಅಂಥವನ್ನು ಯಾರಿಗೂ ಹಸ್ತಾಂತರಿಸಕೂಡದು ಎಂಬುದು ಅದರ ತಿರುಳು. ಒಂದು ಹಾಳೆಯಲ್ಲಿ ಅಡಗುವಷ್ಟು ಚಿಕ್ಕದಾದ ಈ ಪಠ್ಯವನ್ನು ಕಾನೂನಿನ ವಿದ್ಯಾರ್ಥಿಗಳು ಮಾತ್ರವಲ್ಲ, ಸಾಹಿತ್ಯದ ವಿದ್ಯಾರ್ಥಿಗಳೂ ಓದಬೇಕು. ಒಂದು ವಿಶೇಷಣ ಎಲ್ಲಿ ಕುಳಿತಿದೆ ಎಂಬುದರ ಮೇಲೆ ಯಾವನೋ ಒಬ್ಬ ಸೈನಿಕನ ಕಣ್ಣಿನ ಅಳಿವು ಉಳಿವು ನಿಂತಿರುವ ಬರಹವದು.

ಯುದ್ಧದ ನಿಯಮಗಳು ಸಾಮಾನ್ಯವಾಗಿ ದುರಂತದ ಹಿಂದಿನಿಂದ ಬರುತ್ತವೆ. ವಿಷಾನಿಲದ ಬಳಕೆಯನ್ನು ನಿಷೇಧಿಸಿದ 1925ರ ಜಿನೀವಾ ಪ್ರೋಟೋಕಾಲಿನ ಹಿಂದೆ ಮೊದಲ ಮಹಾಯುದ್ಧದ ಕಂದಕಗಳಿದ್ದವು. ನೆಲಬಾಂಬುಗಳ ನಿಷೇಧಕ್ಕೆ 1997ರಲ್ಲಿ ಒಟ್ಟಾವಾ ಒಪ್ಪಂದ ಬರುವ ಹೊತ್ತಿಗೆ ಕಾಲು ಕಳೆದುಕೊಂಡವರ ಊರುಗಳೇ ಎದ್ದು ನಿಂತಿದ್ದವು. ಆದರೆ ಕುರುಡಾಗಿಸುವ ಲೇಸರಿನ ವಿಷಯದಲ್ಲಿ ಕ್ರಮ ತಿರುವುಮುರುವಾಯಿತು. ಆಯುಧ ಸಿದ್ಧವಾಗಿತ್ತು, ಮಾರಾಟಕ್ಕೂ ಬಂದಿತ್ತು. ರಣರಂಗದಲ್ಲಿ ಅದರ ಬಳಕೆ ವ್ಯಾಪಕವಾಗುವ ಮೊದಲೇ ಜಗತ್ತು ಬೇಡವೆಂದಿತು. ಇದಕ್ಕೆ ಹತ್ತಿರದ ಪೂರ್ವನಿದರ್ಶನ 1868ರ ಸೇಂಟ್ ಪೀಟರ್ಸ್‌ಬರ್ಗ್ ಘೋಷಣೆ. ದೇಹದೊಳಗೆ ಹೊಕ್ಕು ಸಿಡಿಯುವ ಗುಂಡನ್ನು ರಷ್ಯಾದ ಸೇನೆ ತಾನೇ ತಯಾರಿಸಿ, ಅದರ ಕ್ರೌರ್ಯಕ್ಕೆ ತಾನೇ ಅಂಜಿ, ಇತರ ರಾಷ್ಟ್ರಗಳನ್ನು ಕರೆದು 400 ಗ್ರಾಂಗಿಂತ ಕಡಿಮೆ ತೂಕದ ಸ್ಫೋಟಕ ಗುಂಡುಗಳನ್ನು ತ್ಯಜಿಸುವ ಮಾತಿಗೆ ಒಪ್ಪಿಸಿತ್ತು.

ಮುಂಚಿತವಾಗಿ ಬಂದ ನಿಷೇಧಗಳೆಲ್ಲ ಉಳಿದುಬಂದವೆಂದು ಭಾವಿಸುವಂತಿಲ್ಲ. 1899ರ ಹೇಗ್ ಸಮ್ಮೇಳನದಲ್ಲಿ, ಉಸಿರುಗಟ್ಟಿಸುವ ಅನಿಲವನ್ನು ಹರಡುವುದೇ ಏಕೈಕ ಗುರಿಯಾಗಿರುವ ಶೆಲ್ಲುಗಳನ್ನು ಬಳಸುವುದಿಲ್ಲವೆಂದು ರಾಷ್ಟ್ರಗಳು ಮಾತು ಕೊಟ್ಟಿದ್ದವು. 1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರ್ ಪಟ್ಟಣದ ಬಳಿ ಜರ್ಮನ್ ಸೇನೆ ಕ್ಲೋರಿನ್ ಅನಿಲವನ್ನು ಶೆಲ್ಲುಗಳಲ್ಲಿ ತುಂಬಿ ಹಾರಿಸಲಿಲ್ಲ. ಸಿಲಿಂಡರುಗಳ ಬಾಯಿ ತೆರೆದು ಗಾಳಿಗೆ ಬಿಟ್ಟಿತು. ಘೋಷಣೆಯಲ್ಲಿದ್ದುದು ಶೆಲ್ಲಿನ ಮಾತು, ಸಿಲಿಂಡರಿನದಲ್ಲ ಎಂಬ ವಾದವೂ ಆಗ ಹುಟ್ಟಿಕೊಂಡಿತು. ಅದೇ 1899ರಲ್ಲಿ ದೇಹದೊಳಗೆ ಅರಳಿಕೊಳ್ಳುವ ಗುಂಡುಗಳ ನಿಷೇಧವೂ ಆಯಿತು. ಕಲ್ಕತ್ತೆಯ ಬಳಿಯ ದಮ್ ದಮ್ ಶಸ್ತ್ರಾಗಾರದಲ್ಲಿ ತಯಾರಾಗಿದ್ದರಿಂದ ಆ ಗುಂಡಿಗೆ ಭಾರತದ ಒಂದು ಊರಿನ ಹೆಸರೇ ಅಂಟಿಕೊಂಡಿತು. ಹೀಗೆ ಒಂದು ನಿಷೇಧದ ಬಲ ಅದನ್ನು ಬರೆದವರ ಸದಾಶಯದಲ್ಲಿ ಎಷ್ಟಿದೆಯೋ ಅಷ್ಟೇ ಅವರು ಆಯ್ದ ಪದಗಳಲ್ಲೂ ಇದೆ. ವಿಯೆನ್ನಾದ ಪಠ್ಯವನ್ನು ಈ ಹಿನ್ನೆಲೆಯಲ್ಲಿ ಓದಬೇಕಾಗುತ್ತದೆ.

ಬೆಳಕನ್ನು ಆಯುಧವಾಗಿ ಕಲ್ಪಿಸಿಕೊಂಡದ್ದು ವಿಜ್ಞಾನಕ್ಕಿಂತ ಮೊದಲು ಕಥೆ. ಸಿರಾಕ್ಯೂಸ್ ನಗರವನ್ನು ಮುತ್ತಿದ ರೋಮನ್ ಹಡಗುಗಳನ್ನು ಆರ್ಕಿಮಿಡೀಸ್ ಕನ್ನಡಿಗಳಿಂದ ಸುಟ್ಟನೆಂಬ ಐತಿಹ್ಯ ಶತಮಾನಗಳಿಂದ ಉಳಿದುಬಂದಿದೆ. ಎಚ್. ಜಿ. ವೆಲ್ಸ್ 1898ರಲ್ಲಿ ಪುಸ್ತಕವಾಗಿ ಹೊರತಂದ 'ದಿ ವಾರ್ ಆಫ್ ದಿ ವರ್ಲ್ಡ್ಸ್' ಕಾದಂಬರಿಯಲ್ಲಿ ಮಂಗಳ ಗ್ರಹದಿಂದ ಬಂದವರು ಕಣ್ಣಿಗೆ ಕಾಣದ ಶಾಖಕಿರಣದಿಂದ ಇಂಗ್ಲೆಂಡಿನ ಹಳ್ಳಿಗಳನ್ನು ಸುಡುತ್ತಾರೆ. ಲೇಸರ್ ಕಿರಣಕ್ಕೆ ತಳಹದಿಯಾದ ಸಿದ್ಧಾಂತವನ್ನು ಐನ್‌ಸ್ಟೀನ್ 1917ರ ಹೊತ್ತಿಗೆ ಮಂಡಿಸಿದ್ದರು: ಉದ್ರೇಕಗೊಂಡ ಪರಮಾಣುವನ್ನು ಒಂದು ಬೆಳಕಿನ ಕಣ ತಾಕಿದರೆ, ಅದೇ ಬಗೆಯ, ಅದೇ ದಿಕ್ಕಿನ ಇನ್ನೊಂದು ಕಣ ಹೊರಬರಬಲ್ಲದು. ಈ ಪ್ರಚೋದಿತ ಉತ್ಸರ್ಜನೆಯನ್ನು ಗೋಚರ ಬೆಳಕಿನಲ್ಲಿ ಸಾಧಿಸಲು 1960ರ ಮೇ 16ರ ತನಕ ಕಾಯಬೇಕಾಯಿತು. ಅಂದು ಕ್ಯಾಲಿಫೋರ್ನಿಯಾದ ಮಾಲಿಬುವಿನ ಹ್ಯೂಸ್ ಸಂಶೋಧನಾಲಯದಲ್ಲಿ ಥಿಯೊಡೋರ್ ಮೈಮನ್ ಒಂದು ಕೃತಕ ಮಾಣಿಕ್ಯದ ದಂಡದಿಂದ ಕೆಂಪು ಲೇಸರ್ ಕಿರಣವನ್ನು ಹೊಮ್ಮಿಸಿದರು. ಸುದ್ದಿ ಹೊರಬಿದ್ದೊಡನೆ ಪತ್ರಿಕೆಗಳು ಅದನ್ನು 'ಸಾವಿನ ಕಿರಣ'ವೆಂದು ಬಣ್ಣಿಸಿದವು. ಓದುಗರ ಮನಸ್ಸಿನಲ್ಲಿ ವೆಲ್ಸ್ ಆಗಲೇ ಆ ಹೆಸರಿಗೆ ಜಾಗ ಮಾಡಿಕೊಟ್ಟಿದ್ದ.

ಆದರೆ ಆ ಕಿರಣ ಮನುಷ್ಯ ದೇಹವನ್ನು ಮೊದಲು ಮುಟ್ಟಿದ್ದು ಕೊಲ್ಲಲು ಅಲ್ಲ. 1961ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಕೊಲಂಬಿಯಾ-ಪ್ರೆಸ್ಬಿಟೇರಿಯನ್ ಆಸ್ಪತ್ರೆಯಲ್ಲಿ ವೈದ್ಯ ಚಾರ್ಲ್ಸ್ ಕ್ಯಾಂಪ್‌ಬೆಲ್ ಅವರು ವಿಜ್ಞಾನಿ ಚಾರ್ಲ್ಸ್ ಕೋಸ್ಟರ್ ಅವರ ನೆರವಿನೊಡನೆ ಮಾಣಿಕ್ಯ ಲೇಸರಿನಿಂದ ಒಬ್ಬ ರೋಗಿಯ ಅಕ್ಷಿಪಟಲದ ಗಡ್ಡೆಯೊಂದನ್ನು ನಾಶಮಾಡಿದರು. ಲೇಸರ್ ಹುಟ್ಟಿ ಇನ್ನೂ ಎರಡು ವರ್ಷವಾಗಿರಲಿಲ್ಲ. ಇಂದು ಮಧುಮೇಹದಿಂದ ಅಕ್ಷಿಪಟಲದ ರಕ್ತನಾಳಗಳು ಒಡೆಯತೊಡಗಿದವರಿಗೆ, ಅಕ್ಷಿಪಟಲ ಹರಿದವರಿಗೆ, ಜಿಲ್ಲಾ ಕೇಂದ್ರಗಳ ಕಣ್ಣಾಸ್ಪತ್ರೆಗಳಲ್ಲೂ ಈ ಚಿಕಿತ್ಸೆ ದೊರೆಯುತ್ತದೆ. ವೈದ್ಯರು ಅಲ್ಲಿ ಮಾಡುವುದೂ ಸುಡುವ ಕೆಲಸವೇ. ಸಾಸಿವೆಗಿಂತ ಸಣ್ಣ ಚುಕ್ಕೆಗಳನ್ನು, ಎಲ್ಲಿ ಸುಟ್ಟರೆ ಉಳಿದ ದೃಷ್ಟಿ ಉಳಿಯುವುದೋ ಅಲ್ಲಿ ಮಾತ್ರ, ಎಣಿಸಿ ಸುಡುತ್ತಾರೆ. ಕಣ್ಣು ಉಳಿಸುವ ಲೇಸರಿಗೂ ಕಣ್ಣು ಕಳೆಯುವ ಲೇಸರಿಗೂ ಬೆಳಕಿನ ಸ್ವಭಾವದಲ್ಲಿ ಭೇದವಿಲ್ಲ. ಭೇದವಿರುವುದು ಗುರಿಯಲ್ಲಿ, ಪ್ರಮಾಣದಲ್ಲಿ ಮತ್ತು ಹಿಡಿದವನ ಉದ್ದೇಶದಲ್ಲಿ.

ಕಣ್ಣೇ ಏಕೆ ಇಷ್ಟು ಸುಲಭದ ಗುರಿ? ಕಾರಣ ಅದರ ರಚನೆಯಲ್ಲಿದೆ. ಕಣ್ಣಿನ ಮುಂಭಾಗದ ಪಾರಪಟಲ ಮತ್ತು ಒಳಗಿನ ಮಸೂರ ಹೊರಗಿನ ಬೆಳಕನ್ನು ಒಟ್ಟುಗೂಡಿಸಿ ಅಕ್ಷಿಪಟಲದ ಮೇಲೆ ಬಿಂದುವಾಗಿ ಕೂರಿಸುತ್ತವೆ. ಒಂದೇ ದಿಕ್ಕಿನಲ್ಲಿ ಹರಡದೆ ಬರುವ ಲೇಸರ್ ಕಿರಣ ಹೀಗೆ ಒಳಹೊಕ್ಕಾಗ ಅದರ ತೀವ್ರತೆ ಅಕ್ಷಿಪಟಲವನ್ನು ಮುಟ್ಟುವಷ್ಟರಲ್ಲಿ ಸುಮಾರು 1 ಲಕ್ಷ ಪಟ್ಟು ಹೆಚ್ಚಬಲ್ಲದು. ಚರ್ಮಕ್ಕೆ ಏನೂ ಮಾಡದ ಬೆಳಕು ಅಕ್ಷಿಪಟಲವನ್ನು ಸುಡುತ್ತದೆ. ಓದಲು, ಮುಖ ಗುರುತಿಸಲು ಬೇಕಾದ ನಡುಬಿಂದು ಸುಟ್ಟರೆ ಸುತ್ತಲಿನ ಮಸುಕು ಮಾತ್ರ ಉಳಿಯುತ್ತದೆ. ಸತ್ತ ನರಕೋಶಗಳು ಮತ್ತೆ ಹುಟ್ಟುವುದಿಲ್ಲ. ತೀವ್ರ ಬೆಳಕು ಬಿದ್ದೊಡನೆ ರೆಪ್ಪೆ ತಾನಾಗಿ ಮುಚ್ಚಿಕೊಳ್ಳುವುದು ಪ್ರಕೃತಿ ಕೊಟ್ಟ ರಕ್ಷೆ. ಅದಕ್ಕೆ ಸುಮಾರು ಕಾಲು ಸೆಕೆಂಡು ಬೇಕು. ಸೇನೆಯ ಹಲವು ದೂರಮಾಪಕಗಳ ಲೇಸರ್ ಮಿಡಿತ ಸೆಕೆಂಡಿನ ಕೋಟ್ಯಂಶಗಳಲ್ಲಿ ಮುಗಿದುಹೋಗುತ್ತದೆ. ಮೇಲಾಗಿ ಅವುಗಳಲ್ಲಿ ಬಹುಪಾಲು ಬಳಸುವುದು ಅವಕೆಂಪು ಬೆಳಕನ್ನು. ಅದು ಕಣ್ಣಿಗೆ ಕಾಣುವುದಿಲ್ಲ, ಆದ್ದರಿಂದ ರೆಪ್ಪೆಗೆ ಎಚ್ಚರಿಕೆಯೇ ಸಿಗುವುದಿಲ್ಲ. ಅಕ್ಷಿಪಟಲದಲ್ಲಿ ನೋವಿನ ನರಗಳಿಲ್ಲದ ಕಾರಣ ಪೆಟ್ಟು ಬಿದ್ದವನಿಗೆ ಅದು ಬಿದ್ದದ್ದು ತಿಳಿಯುವುದು ನೋವಿನಿಂದಲ್ಲ, ಕತ್ತಲೆಯಿಂದ.

ರಣರಂಗಕ್ಕೆ ಲೇಸರ್ ಬಂದದ್ದು ಮೊದಲು ತೋರುಬೆರಳಾಗಿ. ಉತ್ತರ ವಿಯೆಟ್ನಾಮಿನ ಥಾನ್ ಹೋವಾ ಸೇತುವೆಯನ್ನು ಕೆಡಹಲು ಅಮೆರಿಕದ ವಿಮಾನಗಳು 1965ರಿಂದ ನೂರಾರು ಬಾರಿ ಹಾರಿ, ಹಲವು ವಿಮಾನಗಳನ್ನೂ ಕಳೆದುಕೊಂಡು ಸೋತಿದ್ದವು. 1972ರ ಮೇ 13ರಂದು, ಲೇಸರ್ ಚುಕ್ಕೆಯನ್ನು ಹಿಂಬಾಲಿಸಿ ಗುರಿ ತಲುಪುವ ಬಾಂಬುಗಳು ಆ ಸೇತುವೆಯ ಒಂದು ಭಾಗವನ್ನು ಉರುಳಿಸಿದವು. 1999ರ ಜೂನ್ 24ರಂದು ಭಾರತೀಯ ವಾಯುಸೇನೆಯ ಮಿರಾಜ್ 2000 ವಿಮಾನ ಕಾರ್ಗಿಲ್‌ನ ಟೈಗರ್ ಹಿಲ್ ಮೇಲೆ ಹಾಕಿದ್ದೂ ಇದೇ ತತ್ತ್ವದ ಬಾಂಬು. ಇಂಥ ಉಪಯೋಗದಲ್ಲಿ ಬೆಳಕು ತಾನು ಕೊಲ್ಲುವುದಿಲ್ಲ, ಎಲ್ಲಿ ಕೊಲ್ಲಬೇಕೆಂದು ತೋರಿಸುತ್ತದೆ. ದೂರ ಅಳೆಯಲು, ಗುರಿ ಗುರುತಿಸಲು ಸೇನೆಗಳು ಸಾವಿರಗಟ್ಟಲೆ ಲೇಸರ್ ಸಾಧನಗಳನ್ನು ಹೊಂದಿದ ಮೇಲೆ, ಅದೇ ಸಾಧನವನ್ನು ಎದುರಾಳಿಯ ಮುಖಕ್ಕೆ ಹಿಡಿದರೆ ಏನಾದೀತೆಂಬ ಯೋಚನೆ ಯಾರಿಗಾದರೂ ಹೊಳೆಯದೆ ಇರುವಂತಿರಲಿಲ್ಲ.

ಹೊಳೆಯಿತು ಕೂಡ. 1982ರ ಫಾಕ್‌ಲ್ಯಾಂಡ್ ಯುದ್ಧಕ್ಕೆ ಹೊರಟ ಬ್ರಿಟಿಷ್ ನೌಕಾಪಡೆಯು ಕೆಳಮಟ್ಟದಲ್ಲಿ ಹಾರಿಬರುವ ಅರ್ಜೆಂಟೀನಾದ ಪೈಲಟ್‌ಗಳ ಕಣ್ಣು ಕೋರೈಸುವ ಲೇಸರ್ ಸಾಧನವನ್ನು ತರಾತುರಿಯಲ್ಲಿ ಅಳವಡಿಸಿಕೊಂಡಿತ್ತು, ಆದರೆ ಕಾಳಗದಲ್ಲಿ ಬಳಸಲಿಲ್ಲ ಎಂಬುದು ಮೂರು ದಶಕಗಳ ಬಳಿಕ ಬಹಿರಂಗಗೊಂಡ ಸರಕಾರಿ ಕಡತಗಳಿಂದ ತಿಳಿಯಿತು. ಅಮೆರಿಕದ ಸೇನೆ ಬಂದೂಕಿಗೆ ಜೋಡಿಸಿ ಒಬ್ಬನೇ ಸೈನಿಕ ಹೊತ್ತೊಯ್ಯಬಹುದಾದ ಲೇಸರ್ ವ್ಯವಸ್ಥೆಯೊಂದನ್ನು ರೂಪಿಸುತ್ತಿತ್ತು. 1995ರಲ್ಲಿ ಚೀನಾದ ಕಂಪನಿಯೊಂದು 'ಜೆಡ್‌ಎಂ-87' ಎಂಬ ಲೇಸರ್ ಆಯುಧವನ್ನು ಅಂತರರಾಷ್ಟ್ರೀಯ ಶಸ್ತ್ರಪ್ರದರ್ಶನದಲ್ಲಿ ಮಾರಾಟಕ್ಕಿಟ್ಟಿತು. ಕಿಲೋಮೀಟರುಗಳಾಚೆಗಿನ ಎದುರಾಳಿಯ ಕಣ್ಣನ್ನು ಘಾಸಿಗೊಳಿಸಬಲ್ಲದೆಂಬುದೇ ಅದರ ಹೆಗ್ಗಳಿಕೆಯಾಗಿತ್ತು. ಪ್ರಯೋಗಶಾಲೆಯ ಗುಟ್ಟಾಗಿದ್ದದ್ದು ಸರಕಿನ ಪಟ್ಟಿಯಲ್ಲಿ ಸೇರಿಹೋಗಿತ್ತು.

ಇದರ ವಿರುದ್ಧ ಮೊದಲು ದನಿಯೆತ್ತಿದ್ದು ಸ್ವೀಡನ್ ಮತ್ತು ಸ್ವಿಟ್ಜರ್ಲೆಂಡ್, 1986ರ ಅಂತರರಾಷ್ಟ್ರೀಯ ರೆಡ್ ಕ್ರಾಸ್ ಸಮ್ಮೇಳನದಲ್ಲಿ. ಅಂತರರಾಷ್ಟ್ರೀಯ ರೆಡ್ ಕ್ರಾಸ್ ಸಮಿತಿಯು 1989ರಿಂದ 1991ರ ನಡುವೆ ನಾಲ್ಕು ತಜ್ಞರ ಸಭೆಗಳನ್ನು ಕರೆಯಿತು. ಅಲ್ಲಿ ಸೇನಾಧಿಕಾರಿಗಳು, ಭೌತವಿಜ್ಞಾನಿಗಳು, ನ್ಯಾಯತಜ್ಞರ ಜೊತೆಗೆ ನೇತ್ರವೈದ್ಯರೂ ಮನೋವೈದ್ಯರೂ ಕುಳಿತರು. ಚರ್ಚೆಯ ಹೃದಯದಲ್ಲಿದ್ದ ಪ್ರಶ್ನೆ ಸುಲಭದ್ದಾಗಿರಲಿಲ್ಲ. ಗುಂಡಿಟ್ಟು ಕೊಲ್ಲುವುದನ್ನು ಒಪ್ಪುವ ಕಾನೂನು ಕುರುಡಾಗಿಸುವುದನ್ನು ಹೇಗೆ ತಡೆದೀತು? ಸಾಯುವುದಕ್ಕಿಂತ ಕುರುಡಾಗಿ ಬದುಕುವುದು ಮೇಲಲ್ಲವೇ? ಈ ಆಯುಧಗಳ ಪರವಾಗಿ ವಾದಿಸಿದವರ ಬಳಿ ಇದ್ದ ಅತ್ಯಂತ ಗಟ್ಟಿ ಮಾತು ಇದು, ಮತ್ತು ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ.

ಅದಕ್ಕೆ ಎರಡು ಬಗೆಯ ಉತ್ತರಗಳು ಬಂದವು. ಲೇಸರ್ ಬಂದ ಮಾತ್ರಕ್ಕೆ ಸೇನೆಗಳು ಬಂದೂಕು ಕೆಳಗಿಡುವುದಿಲ್ಲ. ಗುಂಡಿಗೆ ಸಾಯುವವರ ಬದಲಿಗಲ್ಲ, ಅವರ ಜೊತೆಗೆ ಕುರುಡಾಗುವವರ ಸಾಲೊಂದು ಸೇರಿಕೊಳ್ಳುತ್ತದೆ ಎಂಬುದು ಮೊದಲನೆಯದು. ಗುಂಡೇಟು ತಿಂದವರಲ್ಲಿ ಬಹುಮಂದಿ ಚಿಕಿತ್ಸೆಯಿಂದ ಚೇತರಿಸಿಕೊಳ್ಳುತ್ತಾರೆ, ಆದರೆ ಈ ಆಯುಧದ ಗಾಯಕ್ಕೆ ಚಿಕಿತ್ಸೆಯೇ ಇಲ್ಲ ಎಂಬುದು ಎರಡನೆಯದು. ಗಾಯಾಳು ಗುಣವಾಗದಂತೆ ನೋಡಿಕೊಳ್ಳುವುದನ್ನೇ ಗುರಿಯಾಗಿಸಿಕೊಂಡ ಆಯುಧವು ಯುದ್ಧದ ಅಗತ್ಯವನ್ನು ಮೀರಿದ್ದು. ಯುದ್ಧ ಮುಗಿಯುವುದು ಸೈನಿಕನನ್ನು ಕಣದಿಂದ ಹಿಂದೆ ಸರಿಸಿದಾಗ. ಆಮೇಲಿನ 40 ವರ್ಷ ಅವನು ಕತ್ತಲಲ್ಲಿ ಕೂರಬೇಕಾದದ್ದು ಯಾವ ಸೇನಾಪತಿಯ ಗೆಲುವಿಗೂ ಬೇಕಿಲ್ಲ.

ಆ 40 ವರ್ಷಗಳ ಚಿತ್ರ ಯುರೋಪಿಗೆ ಹೊಸದಾಗಿರಲಿಲ್ಲ. ಮೊದಲ ಮಹಾಯುದ್ಧದಲ್ಲಿ ದೃಷ್ಟಿ ಕಳೆದುಕೊಂಡ ಸೈನಿಕರಿಗಾಗಿ ಆರ್ಥರ್ ಪಿಯರ್ಸನ್ ಎಂಬ ಪತ್ರಿಕೋದ್ಯಮಿ 1915ರಲ್ಲಿ ಲಂಡನ್ನಿನಲ್ಲಿ ಸೇಂಟ್ ಡನ್‌ಸ್ಟನ್ಸ್ ಎಂಬ ಸಂಸ್ಥೆಯನ್ನು ತೆರೆದ. ತಾನೂ ದೃಷ್ಟಿ ಕಳೆದುಕೊಂಡಿದ್ದ ಆತ, ಇಪ್ಪತ್ತರ ಹರೆಯದವರು ಬ್ರೈಲ್ ಲಿಪಿಯನ್ನೂ ಹೊಸ ಕಸುಬುಗಳನ್ನೂ ಮೊದಲಿನಿಂದ ಕಲಿಯುವ ಏರ್ಪಾಡು ಮಾಡಿದ. ಜಾನ್ ಸಿಂಗರ್ ಸಾರ್ಜೆಂಟ್ 1919ರಲ್ಲಿ ಮುಗಿಸಿದ 'ಗ್ಯಾಸ್ಡ್' ಎಂಬ ಬೃಹತ್ ಚಿತ್ರದಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿದ ಸೈನಿಕರು ಒಬ್ಬರ ಹೆಗಲ ಮೇಲೆ ಇನ್ನೊಬ್ಬರು ಕೈಯಿಟ್ಟು ಸಾಲಾಗಿ ನಡೆಯುತ್ತಾರೆ. ಯುದ್ಧದ ಕೊನೆಯ ವಾರದಲ್ಲಿ ಮಡಿದ ಕವಿ ವಿಲ್ಫ್ರೆಡ್ ಓವೆನ್ ಶೆಲ್ ದಾಳಿಯಲ್ಲಿ ಕಣ್ಣು ಕಳೆದುಕೊಂಡ ಒಬ್ಬ ಕಾವಲುಗಾರನನ್ನೇ ಕುರಿತು ಒಂದು ಕವಿತೆ ಬರೆದಿದ್ದಾನೆ. ಆ ಕಾಲದ ಕುರುಡುತನ ಶೆಲ್ಲಿನ, ಅನಿಲದ ಅಡ್ಡಪರಿಣಾಮವಾಗಿತ್ತು. 1990ರ ದಶಕದಲ್ಲಿ ಅದನ್ನೇ ಮುಖ್ಯ ಫಲವಾಗಿ ಕೊಡುವ ಯಂತ್ರ ಸಿದ್ಧವಾಗಿತ್ತೆಂಬುದು ವಿಯೆನ್ನಾದ ಮೇಜಿನ ಸುತ್ತ ಕುಳಿತವರನ್ನು ಕಾಡಿದ ಸಂಗತಿ. 1995ರ ಸೆಪ್ಟೆಂಬರಿನಲ್ಲಿ ಅಮೆರಿಕದ ರಕ್ಷಣಾ ಇಲಾಖೆ ತನ್ನ ನಿಲುವನ್ನು ಬದಲಿಸಿ, ಶಾಶ್ವತವಾಗಿ ಕುರುಡಾಗಿಸಲೆಂದೇ ರೂಪಿಸಿದ ಲೇಸರುಗಳ ಬಳಕೆಯನ್ನು ನಿಷೇಧಿಸಿತು. ಮುಂದಿನ ತಿಂಗಳು ಒಪ್ಪಂದ ಕೈಗೂಡಿತು. 1998ರ ಜುಲೈ 30ರಂದು ಅದು ಜಾರಿಗೆ ಬಂತು. ಇಂದು ಭಾರತವೂ ಸೇರಿದಂತೆ ನೂರಕ್ಕೂ ಹೆಚ್ಚು ರಾಷ್ಟ್ರಗಳು ಅದಕ್ಕೆ ಬದ್ಧವಾಗಿವೆ.

ಇನ್ನು ಪಠ್ಯ. ಮೊದಲನೆಯ ವಿಧಿ ನಿಷೇಧಿಸುವುದು ಕುರುಡಾಗಿಸಬಲ್ಲ ಎಲ್ಲ ಲೇಸರುಗಳನ್ನಲ್ಲ. ಕುರುಡಾಗಿಸಲೆಂದು 'ನಿರ್ದಿಷ್ಟವಾಗಿ ರೂಪಿಸಿದ' ಲೇಸರ್ ಆಯುಧಗಳನ್ನು. ತೂಕವೆಲ್ಲ ಈ ಒಂದು ವಿಶೇಷಣದ ಮೇಲಿದೆ. ದೂರಮಾಪಕವೂ ಕುರುಡಾಗಿಸಬಲ್ಲದು, ಆದರೆ ಅದನ್ನು ರೂಪಿಸಿದ್ದು ಅದಕ್ಕಲ್ಲವಾದ್ದರಿಂದ ಅದು ನಿಷೇಧದ ಹೊರಗೆ ನಿಲ್ಲುತ್ತದೆ. ಆದರೆ ಅದೇ ವಾಕ್ಯದಲ್ಲಿ ಇನ್ನೊಂದು ಜಾಣ್ಮೆಯ ಪದಗುಚ್ಛವಿದೆ. ಕುರುಡಾಗಿಸುವುದು ಆಯುಧದ ಏಕೈಕ ಯುದ್ಧಕಾರ್ಯವಾಗಿದ್ದರೂ, ಹಲವು ಕಾರ್ಯಗಳಲ್ಲಿ ಒಂದಾಗಿದ್ದರೂ ನಿಷೇಧ ಅನ್ವಯಿಸುತ್ತದೆ. 1899ರ ಅನಿಲ ಘೋಷಣೆಯು 'ಏಕೈಕ ಗುರಿ' ಎಂದಷ್ಟೇ ಹೇಳಿ ಬಾಗಿಲು ತೆರೆದಿಟ್ಟಿತ್ತು. 96 ವರ್ಷಗಳ ಬಳಿಕ ಬರೆದವರು ಆ ಬಾಗಿಲಿಗೆ ಅಗುಳಿ ಹಾಕಿದರು.

ಮುಂದಿನ ಪದ 'ಶಾಶ್ವತ'. ತಾತ್ಕಾಲಿಕವಾಗಿ ಕಣ್ಣು ಕೋರೈಸುವುದು ನಿಷಿದ್ಧವಲ್ಲ. ಇರಾಕಿನಲ್ಲಿ 2006ರಿಂದ ಅಮೆರಿಕದ ಸೈನಿಕರು ತಪಾಸಣಾ ಠಾಣೆಗಳತ್ತ ವೇಗವಾಗಿ ಬರುವ ವಾಹನಗಳ ಚಾಲಕರನ್ನು ಎಚ್ಚರಿಸಲು ಹಸಿರು ಲೇಸರನ್ನು ಬಳಸತೊಡಗಿದರು. ಎಚ್ಚರಿಕೆ ತಿಳಿಯದೆ ಮುಂದೆ ಬಂದ ಎಷ್ಟೋ ಅಮಾಯಕರು ಅಲ್ಲಿ ಗುಂಡಿಗೆ ಬಲಿಯಾಗಿದ್ದರು. ಬೆಳಕು ಗುಂಡಿಗಿಂತ ಮೇಲೆಂಬ ವಾದಕ್ಕೆ ಇಲ್ಲಿ ನಿಜವಾದ ಬಲವಿತ್ತು. ಆದರೆ ಕೋರೈಸುವುದಕ್ಕೂ ಸುಡುವುದಕ್ಕೂ ನಡುವಿನ ಅಂತರ ಎಷ್ಟೋ ವೇಳೆ ಕೇವಲ ದೂರದ ಅಂತರ. ದೂರದಲ್ಲಿ ಕಣ್ಣು ಕುಕ್ಕುವ ಸಾಧನ ಹತ್ತಿರದಲ್ಲಿ ಅಕ್ಷಿಪಟಲವನ್ನು ಘಾಸಿಗೊಳಿಸುತ್ತದೆ. ಕೈತಪ್ಪಿ ಬಿದ್ದ ಕಿರಣದಿಂದ ಸ್ವಂತ ಪಡೆಯ ಸೈನಿಕರ ಕಣ್ಣಿಗೇ ಗಾಯವಾದ ಪ್ರಕರಣಗಳು ಅಲ್ಲಿ ವರದಿಯಾದವು.

ಮೂರನೆಯದು, ಬರಿಗಣ್ಣು. ಒಪ್ಪಂದ ಕಾಯುವುದು ಬರಿಗಣ್ಣನ್ನು ಮತ್ತು ದೃಷ್ಟಿದೋಷಕ್ಕೆಂದು ಕನ್ನಡಕವನ್ನೋ ಕಾಂಟ್ಯಾಕ್ಟ್ ಲೆನ್ಸನ್ನೋ ಧರಿಸಿದ ಕಣ್ಣನ್ನು. ದುರ್ಬೀನಿನಲ್ಲಿ ನೋಡುತ್ತಿರುವ ಸೈನಿಕನ ಕಣ್ಣು ಈ ಮಾತಿನ ಹೊರಗೆ ಉಳಿಯುತ್ತದೆ. ದುರ್ಬೀನು ಹೆಚ್ಚು ಬೆಳಕನ್ನು ಹಿಡಿದು ಕಣ್ಣಿಗೆ ಕೊಡುವ ಸಾಧನವಾದ್ದರಿಂದ ಲೇಸರಿನ ಅಪಾಯ ಅಲ್ಲಿಯೇ ಹೆಚ್ಚು. ಮೂರನೆಯ ವಿಧಿ ಇದನ್ನು ಇನ್ನಷ್ಟು ಸ್ಪಷ್ಟಗೊಳಿಸುತ್ತದೆ: ದೃಗುಪಕರಣಗಳನ್ನು ಕೆಡಿಸಲು ಬಳಸುವ ಲೇಸರೂ ಸೇರಿದಂತೆ, ನ್ಯಾಯಬದ್ಧ ಸೈನಿಕ ಬಳಕೆಯಲ್ಲಿ ಪ್ರಾಸಂಗಿಕವಾಗಿ ಉಂಟಾಗುವ ಅಂಧತ್ವ ನಿಷೇಧಕ್ಕೆ ಒಳಪಡುವುದಿಲ್ಲ. ಟ್ಯಾಂಕಿನ ಗುರಿಗಾಜನ್ನು ಕೆಡಿಸಲು ಹೊರಟ ಕಿರಣ ಗಾಜಿನ ಹಿಂದೆ ಒತ್ತಿಕೊಂಡಿರುವ ಕಣ್ಣನ್ನು ಸುಟ್ಟರೆ ಅದು ಪ್ರಾಸಂಗಿಕ. ಎರಡನೆಯ ವಿಧಿ, ಇಂಥ ಅನಾಹುತವಾಗದಂತೆ ಸಾಧ್ಯವಿರುವ ಎಲ್ಲ ಮುನ್ನೆಚ್ಚರಿಕೆ ವಹಿಸಬೇಕು, ಸೈನಿಕರಿಗೆ ತರಬೇತಿ ಕೊಡಬೇಕು ಎನ್ನುತ್ತದೆ. ಆದರೆ ತಪಾಸಣೆ ನಡೆಸುವ ವ್ಯವಸ್ಥೆಯನ್ನಾಗಲಿ ತಪ್ಪಿದವರಿಗೆ ಶಿಕ್ಷೆಯನ್ನಾಗಲಿ ಈ ಪಠ್ಯ ಏರ್ಪಡಿಸುವುದಿಲ್ಲ.

ಇಷ್ಟು ಬಿರುಕುಗಳಿದ್ದೂ ಒಪ್ಪಂದ ನಿಷ್ಫಲವಾಗಲಿಲ್ಲವೆಂಬುದನ್ನು ಒಪ್ಪಬೇಕು. ಆಗ ಮಾರಾಟಕ್ಕೆ ಸಿದ್ಧವಾಗಿದ್ದ ಬಗೆಯ ಆಯುಧಗಳು ಬಂದೂಕಿನಂತೆ ಸೈನಿಕರ ಕೈಕೈಗೆ ಹರಡಲಿಲ್ಲ. ಅಮೆರಿಕದ ಬಂದೂಕುಲೇಸರ್ ಯೋಜನೆ 1995ರಲ್ಲೇ ನಿಂತುಹೋಯಿತು. ಕುರುಡಾದ ಸೈನಿಕರ ಸಾಲುಗಳು ಕಳೆದ ಮೂರು ದಶಕಗಳ ಯುದ್ಧಗಳಿಂದ ಮನೆಗೆ ಮರಳಲಿಲ್ಲ. ಆಗದೆ ಉಳಿದ ಅನಾಹುತಕ್ಕೆ ಸ್ಮಾರಕವಿರುವುದಿಲ್ಲ, ಇತಿಹಾಸಕಾರರೂ ಅದನ್ನು ಬರೆಯುವುದು ವಿರಳ.

ಈ ನಡುವೆ ಲೇಸರ್ ಬೇರೆ ದಾರಿಯಲ್ಲಿ ರಣರಂಗಕ್ಕೆ ಮರಳಿದೆ. ಅಮೆರಿಕದ ನೌಕಾಪಡೆ 2014ರಲ್ಲಿ ಪರ್ಷಿಯನ್ ಕೊಲ್ಲಿಯಲ್ಲಿದ್ದ 'ಪಾನ್ಸ್' ಹಡಗಿನ ಮೇಲೆ 30 ಕಿಲೋವಾಟ್ ಲೇಸರನ್ನು ಪರೀಕ್ಷಿಸಿತು. ಬ್ರಿಟನ್ 2024ರ ಜನವರಿಯಲ್ಲಿ 'ಡ್ರಾಗನ್‌ಫೈರ್' ಲೇಸರಿನಿಂದ ಸ್ಕಾಟ್ಲೆಂಡಿನ ಹೆಬ್ರಿಡೀಸ್ ಪರೀಕ್ಷಾವಲಯದಲ್ಲಿ ಹಾರುವ ಗುರಿಗಳನ್ನು ಹೊಡೆದದ್ದನ್ನು ಪ್ರಕಟಿಸಿತು. 2025ರ ಏಪ್ರಿಲ್ 13ರಂದು ಭಾರತದ ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಯು ಆಂಧ್ರಪ್ರದೇಶದ ಕರ್ನೂಲಿನಲ್ಲಿ 30 ಕಿಲೋವಾಟ್ ಲೇಸರಿನಿಂದ ಸ್ಥಿರ ರೆಕ್ಕೆಯ ಡ್ರೋನ್ ಒಂದನ್ನು ಉರುಳಿಸಿ ತೋರಿಸಿತು. ಇಸ್ರೇಲಿನ 'ಐರನ್ ಬೀಮ್' 100 ಕಿಲೋವಾಟ್ ವರ್ಗದ್ದು. ಇವುಗಳ ಆಕರ್ಷಣೆ ಲೆಕ್ಕಾಚಾರದಲ್ಲಿದೆ. ಅಗ್ಗದ ಡ್ರೋನ್ ಒಂದನ್ನು ಉರುಳಿಸಲು ಲಕ್ಷಾಂತರ ರೂಪಾಯಿಗಳ ಕ್ಷಿಪಣಿ ಹಾರಿಸಬೇಕಾದ ಕಡೆ, ಲೇಸರಿನ ಒಂದು ಹೊಡೆತಕ್ಕೆ 10 ಪೌಂಡಿಗಿಂತ ಕಡಿಮೆ ಎಂದು ಬ್ರಿಟನ್ ಹೇಳುತ್ತದೆ. ಮಂಜು, ಮಳೆ, ಧೂಳುಗಳೆದುರು ಕಿರಣ ದುರ್ಬಲವಾಗುತ್ತದೆ, ಗುರಿಯ ಮೇಲೆ ಕೆಲವು ಕ್ಷಣ ಕದಲದೆ ನಿಲ್ಲಬೇಕಾಗುತ್ತದೆ. ಆದರೂ ಹಾದಿ ಸ್ಪಷ್ಟವಾಗಿದೆ.

ಇವು ಯಾವುವೂ ವಿಯೆನ್ನಾದ ನಿಷೇಧವನ್ನು ಮುರಿಯುವುದಿಲ್ಲ. ಇವು ಸುಡುವುದು ಡ್ರೋನಿನ ರೆಕ್ಕೆಯನ್ನು, ಕೆಡಿಸುವುದು ಅದರ ಕ್ಯಾಮರಾ ಎಂಬ ಕಣ್ಣನ್ನು. ಮನುಷ್ಯರ ಊರುಗಳ ಮೇಲಿನ ಆಕಾಶದಲ್ಲಿ ಇಂಥ ಕಿರಣ ಗುರಿಯನ್ನು ದಾಟಿ ಹೋದರೆ, ಲೋಹದ ಮೇಲ್ಮೈಗೆ ಬಡಿದು ಚದುರಿದರೆ, ದೂರದ ಯಾವುದೋ ಪೈಲಟ್‌ನ ಅಥವಾ ಮಾಳಿಗೆಯ ಮೇಲೆ ನಿಂತು ನೋಡುತ್ತಿರುವ ಹುಡುಗನ ಕಣ್ಣಿಗೆ ಏನಾದೀತು? ಆ ಪ್ರಶ್ನೆಗೆ ಉತ್ತರ ಹೇಳಬೇಕಾದದ್ದು 'ಸಾಧ್ಯವಿರುವ ಮುನ್ನೆಚ್ಚರಿಕೆ' ಎಂಬ ಎರಡನೆಯ ವಿಧಿಯ ಮಾತು. 1995ರಲ್ಲಿ ಅದನ್ನು ಬರೆಯುವಾಗ ಮನಸ್ಸಿನಲ್ಲಿದ್ದುದು ದೂರಮಾಪಕಗಳು. ಇಂದು ಅದರ ಮೇಲೆ ಬಿದ್ದಿರುವ ಭಾರ ಅದಕ್ಕಿಂತ ಬಹಳ ದೊಡ್ಡದು.

ಅದೇ 1980ರ ಒಡಂಬಡಿಕೆಯ ವೇದಿಕೆಯಲ್ಲಿ 2017ರಿಂದ ಸರಕಾರಿ ತಜ್ಞರ ಗುಂಪೊಂದು, ಮನುಷ್ಯನ ಅಪ್ಪಣೆಗೆ ಕಾಯದೆ ತಾನೇ ಗುರಿ ಆರಿಸಿ ಕೊಲ್ಲುವ ಸ್ವಯಂಚಾಲಿತ ಆಯುಧಗಳ ಬಗ್ಗೆ ಚರ್ಚಿಸುತ್ತಿದೆ. ನಿಷೇಧ ಬೇಕೆನ್ನುವವರು ಮೊದಲು ತೋರಿಸುವ ನಿದರ್ಶನ ಕುರುಡಾಗಿಸುವ ಲೇಸರ್: ವ್ಯಾಪಕ ಬಳಕೆಗೆ ಮೊದಲೇ ಬೇಡವೆನ್ನಬಹುದೆಂಬುದಕ್ಕೆ ಸಾಕ್ಷಿ. ಆದರೆ ಸ್ವಯಂಚಾಲಿತ ಆಯುಧಕ್ಕೆ ಲೇಸರಿನಂತೆ ಒಂದು ಗಾಯದ ಗುರುತಿಲ್ಲ. ಅದರ ಗುಂಡು ಇತರ ಗುಂಡುಗಳಂತೆಯೇ ಕೊಲ್ಲುತ್ತದೆ. ಯಾವ ಪದದಿಂದ ಅದನ್ನು ಹಿಡಿಯುವುದೆಂಬುದೇ ಇನ್ನೂ ಬಗೆಹರಿದಿಲ್ಲ.

ಯುದ್ಧಕ್ಕೆ ಮಿತಿ ಹಾಕುವ ಕಲ್ಪನೆ ಕನ್ನಡ ಕಾವ್ಯಕ್ಕೆ ಅಪರಿಚಿತವಲ್ಲ. 941ರ ಪಂಪನ 'ಆದಿಪುರಾಣ'ದಲ್ಲಿ ಭರತ ಬಾಹುಬಲಿಯರ ಸೇನೆಗಳು ಎದುರುಬದುರಾದಾಗ, ಅಣ್ಣತಮ್ಮಂದಿರ ಜಗಳಕ್ಕೆ ಸೈನಿಕರೇಕೆ ಸಾಯಬೇಕೆಂದು ಮಂತ್ರಿಗಳು ಯೋಚಿಸಿ, ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳೆಂಬ ಮೂರು ಧರ್ಮಯುದ್ಧಗಳಿಗೆ ಇಬ್ಬರನ್ನೂ ಒಪ್ಪಿಸುತ್ತಾರೆ. ಕಣ್ಣೇ ಆಯುಧವಾದ ಆ ಮೊದಲ ಕಾಳಗದಲ್ಲಿ ಎವೆಯಿಕ್ಕಿದವನು ಸೋಲುತ್ತಾನೆ, ಅಷ್ಟೇ, ಕಣ್ಣು ಉಳಿಯುತ್ತದೆ. ಆದರೆ ಮೂರರಲ್ಲೂ ಸೋತ ಭರತ ಒಪ್ಪಿಕೊಂಡ ಮಿತಿಯನ್ನು ಮರೆತು ಚಕ್ರವನ್ನು ಪ್ರಯೋಗಿಸುತ್ತಾನೆ. ಸೋಲು ಸಮೀಪಿಸಿದಾಗ ನಿಯಮಕ್ಕೆ ಏನಾಗುತ್ತದೆಂಬುದನ್ನು ಕವಿ ಬಲ್ಲ. ಕಾವ್ಯದಲ್ಲಿ ಆ ಚಕ್ರ ಬಾಹುಬಲಿಗೆ ಪ್ರದಕ್ಷಿಣೆ ಬಂದು, ಅವನನ್ನು ಕೊಲ್ಲದೆ ನಿಲ್ಲುತ್ತದೆ. ಯಾರನ್ನು ಕೊಲ್ಲಬಾರದೆಂಬುದು ಆ ಆಯುಧಕ್ಕೆ ತಿಳಿದಿತ್ತು. ಪ್ರಯೋಗಶಾಲೆಗಳಿಂದ ಬರುವ ಆಯುಧಗಳಿಗೆ ಆ ತಿಳಿವಿಲ್ಲ. ಅವುಗಳ ಪರವಾಗಿ ತಿಳಿಯಬೇಕಾದದ್ದು ಮನುಷ್ಯರೇ, ಅದೂ ಪ್ರಯೋಗಕ್ಕೆ ಮೊದಲು.

ವಿಯೆನ್ನಾ ಒಪ್ಪಂದದ ಕೊನೆಯ ವಿಧಿ ಶಾಶ್ವತ ಅಂಧತ್ವವೆಂದರೇನೆಂದು ಅಂಕಿಯಲ್ಲಿ ಹೇಳುತ್ತದೆ. ಡಚ್ ನೇತ್ರವೈದ್ಯ ಹರ್ಮನ್ ಸ್ನೆಲೆನ್ 1862ರಲ್ಲಿ ಪ್ರಕಟಿಸಿದ ಅಕ್ಷರಫಲಕದ ಅಳತೆ ಅದು: ಎರಡೂ ಕಣ್ಣು ತೆರೆದು ನೋಡಿದಾಗ 20/200ಕ್ಕಿಂತ ಕಡಿಮೆ, ಮರಳಿ ಬರುವ ಆಸೆಯಿಲ್ಲದ ದೃಷ್ಟಿ. ಇತರರು 200 ಅಡಿಯಿಂದ ಓದುವ ಅಕ್ಷರವನ್ನು 20 ಅಡಿ ಹತ್ತಿರ ಬಂದರೂ ಓದಲಾಗದ ಸ್ಥಿತಿ. ಭಾರತದ ವೈದ್ಯರು 6/60 ಎಂದು ಬರೆಯುವ ಗಡಿ. ಹಾಗಾಗಿ ಒಂದೇ ಕಣ್ಣು ಕಳೆದುಕೊಂಡ ಸೈನಿಕ ಈ ವ್ಯಾಖ್ಯೆಯೊಳಗೆ ಬರುವುದಿಲ್ಲ. ಎರಡರಲ್ಲೂ ಮಸುಕು ಕವಿದು, ಮಗಳ ಮುಖವನ್ನು ದನಿಯಿಂದ ಮಾತ್ರ ಗುರುತಿಸಬಲ್ಲವನಾದರೂ ಫಲಕದ ತುದಿಯ ಅಕ್ಷರವನ್ನು ಹೇಗೋ ಓದಿಬಿಟ್ಟವನೂ ಬರುವುದಿಲ್ಲ. ಕನ್ನಡಕದಂಗಡಿಯಲ್ಲಿ, ಕಣ್ಣಾಸ್ಪತ್ರೆಯಲ್ಲಿ ಎಲ್ಲರೂ ಆ ಫಲಕದೆದುರು ಕುಳಿತಿರುತ್ತಾರೆ. ಅದರ ಮೇಲುಸಾಲಿನಲ್ಲಿ ಒಂಟಿಯಾಗಿ ನಿಂತಿರುವ, ಎಲ್ಲಕ್ಕಿಂತ ದೊಡ್ಡದಾದ ಆ ಅಕ್ಷರದವರೆಗೆ ಮಾತ್ರ ರಾಷ್ಟ್ರಗಳ ಒಮ್ಮತ ತಲುಪಿದೆ. ಕೆಳಗಿನ ಸಾಲುಗಳು ಇನ್ನೂ ಬಾಕಿಯಿವೆ.